ಇಟಲಿಗೆ ಹೋದ ಚಪ್ಪಲಿ, ಅಥಣಿಗೆ ಹೋದ ನಾವು

(ಮಹಿಳಾ ವೇದಿಕೆಯ ಸಂಕ್ರಾಂತಿ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ಇದು. ಆದರೆ ನಾನು ಚಪ್ಪಲಿಯ ಮಾತು ತಂದಿದ್ದೇನೆ, ಕ್ಷಮಿಸಿ.

ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ದೀಪಾವಳಿ ರಜೆಗೆ ಇಟಲಿಗೆ ಹೋಗಿ ಬಂದಳು. ಸಿಯೆನಾ, ಅಸ್ಸಿಸಿಯಂಥ ಚಿಕ್ಕ ಊರುಗಳ ಫೋಟೋ ತೋರಿಸಿದಳು. ಕಲ್ಲು ಹಾಸಿದ ಓಣಿ, ಹಳೆಯ ಚರ್ಚು, ಬಾಗಿಲಲ್ಲೇ ಕೂತು ಕೆಲಸ ಮಾಡುವ ಚರ್ಮದ ಕುಶಲಕರ್ಮಿ. "ಕೈಕೆಲಸಕ್ಕೆ ಅಲ್ಲಿ ಎಷ್ಟು ಮರ್ಯಾದೆ ಗೊತ್ತಾ?" ಎಂದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಅದೇ ಹೊತ್ತಿಗೆ ಪೇಪರಿನಲ್ಲಿ ಪ್ರಾಡಾ ಸುದ್ದಿ ಮತ್ತೆ ಬಂತು. ಡಿಸೆಂಬರ್ ಕೊನೆಯಲ್ಲಿ ನಾವು ಐದು ಹೆಂಗಸರು, ಜೊತೆಗೆ ಒಂಬತ್ತು ವರ್ಷದ ನನ್ನ ಮಗಳು, ನಮ್ಮದೇ ಚಿಕ್ಕ ಊರುಗಳನ್ನು ನೋಡಲು ಹೊರಟೆವು.

ಶುಕ್ರವಾರ ಸಂಜೆ ಹಿಂಜವಾಡಿಯ ಟ್ರಾಫಿಕ್ ದಾಟುವುದಕ್ಕೇ ಒಂದು ಗಂಟೆ ಹೋಯಿತು. ಪೇಠ ನಾಕಾದಲ್ಲಿ ಬೆಂಗಳೂರು ಹೆದ್ದಾರಿ ಬಿಟ್ಟು, ಸಾಂಗ್ಲಿ ಮೇಲೆ ಹಾದು ಮಿರಜ್‌ನಲ್ಲಿ ಮಲಗಿದೆವು. ಶನಿವಾರ ಬೆಳಗ್ಗೆ ಮೊದಲು ನರಸೋಬನ ವಾಡಿ. ಕೃಷ್ಣೆಗೆ ಪಂಚಗಂಗೆ ಸೇರುವ ಜಾಗ, ನೃಸಿಂಹ ಸರಸ್ವತಿಯವರ ಪಾದುಕೆಯ ಕ್ಷೇತ್ರ. ಘಟ್ಟದ ಮೆಟ್ಟಿಲ ಮೇಲೆ ಮರಾಠಿಯಷ್ಟೇ ಕನ್ನಡವೂ ಕಿವಿಗೆ ಬೀಳುತ್ತದೆ. ದರ್ಶನ ಮುಗಿಸಿ ಬಾಸುಂದಿ ಕುಡಿದೆವು, ಬೇಲದ ಹಣ್ಣಿನ ಬರ್ಫಿ ಕಟ್ಟಿಸಿಕೊಂಡೆವು. ಶಾಪಿಂಗ್ ಆಗಲೇ ಶುರು!

ಅಲ್ಲಿಂದ ಖಿದ್ರಾಪುರ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹಳ್ಳಿ, ಹೊಳೆಯ ಆಚೆ ದಂಡೆ ನಮ್ಮ ಬೆಳಗಾವಿ ಜಿಲ್ಲೆ. ಇಲ್ಲಿನ ಕೋಪೇಶ್ವರ ದೇವಸ್ಥಾನ 12ನೇ ಶತಮಾನದ ಶಿಲಾಹಾರರ ಕಾಲದ್ದು. ಮುಂದೆ ಸ್ವರ್ಗಮಂಟಪವಿದೆ. 48 ಕಂಬಗಳ ಈ ಮಂಟಪದ ನಡುವೆ ಚಾವಣಿಯೇ ಇಲ್ಲ, ದುಂಡಗೆ ಆಕಾಶ ಕಾಣುತ್ತದೆ. ಕೆಳಗೆ ಅಷ್ಟೇ ದುಂಡನೆಯ ಕಲ್ಲಿನ ಹಾಸು. ಗೆಳತಿ ರೋಮಿನ ಪ್ಯಾಂಥಿಯನ್ನಿನ ಫೋಟೋ ತೋರಿಸಿದ್ದಳು, ಅಲ್ಲೂ ಗುಮ್ಮಟದ ನೆತ್ತಿಯಲ್ಲಿ ಹೀಗೇ ಒಂದು ತೆರೆದ ಕಣ್ಣು. ನಾನು ಕಲ್ಲಿನ ಮೇಲೆ ನಿಂತು ತಲೆ ಎತ್ತಿದಾಗ ಆ ಫೋಟೋ ನೆನಪಾಯಿತು. ಟಿಕೆಟ್ ಇಲ್ಲ, ಕ್ಯೂ ಇಲ್ಲ, ಮೇಲೆ ಗಿಳಿಗಳ ಗದ್ದಲ.

ಈ ಶಿವನ ಮುಂದೆ ನಂದಿ ಇಲ್ಲ. ಸ್ಥಳಪುರಾಣದ ಪ್ರಕಾರ ಸತಿ ದಕ್ಷನ ಯಜ್ಞಕ್ಕೆ ನಂದಿಯ ಮೇಲೆ ಕೂತು ಯಡೂರಿಗೆ ಹೋದಳು, ನಂದಿ ಅಲ್ಲೇ ಉಳಿಯಿತು. ಸತಿಯನ್ನು ಕಳೆದುಕೊಂಡು ಕೋಪಗೊಂಡ ಶಿವ ಇಲ್ಲಿ ಕೋಪೇಶ್ವರನಾದ. ಯಡೂರು ಈಗ ಕರ್ನಾಟಕದ ಚಿಕ್ಕೋಡಿ ತಾಲೂಕಿನಲ್ಲಿದೆ. ಶಿವ ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ! ಪುಣೆಯಲ್ಲಿ ನಾವು, ಊರಲ್ಲಿ ಅಪ್ಪ ಅಮ್ಮ ಇರುವ ಹಾಗೆ ಎಂದು ನಮ್ಮ ಗುಂಪಿನ ಹಿರಿಯಕ್ಕ ಹೇಳಿದರು. ನಕ್ಕೆವು, ಆದರೆ ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ದೇವಸ್ಥಾನದಲ್ಲಿ ಯಾದವ ಸಿಂಘಣನ ಸಂಸ್ಕೃತ ಶಾಸನವಿದೆ, ಉಳಿದವು ಹೆಚ್ಚಿನವು ಹಳಗನ್ನಡ. ನನ್ನ ಮಗಳು ಶಾಲೆಯಲ್ಲಿ ಮರಾಠಿ ಓದುತ್ತಾಳೆ, ಕನ್ನಡ ಕಲಿಯುವುದು ವಾರಕ್ಕೊಮ್ಮೆ, ಅದೂ ಗೊಣಗಿಕೊಂಡು. ಅವಳು ಕಲ್ಲಿನ ಮೇಲೆ ಬೆರಳಿಟ್ಟು "ಅಮ್ಮಾ, ಇದು 'ರ' ಅಲ್ವಾ?" ಎಂದಳು. ಹೌದು, 'ರ'ವೇ. ಇಡೀ ಸಾಲಿನಲ್ಲಿ ಅವಳಿಗೆ ಸಿಕ್ಕಿದ್ದು ಮೂರು ಅಕ್ಷರ. ನನಗೂ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ.

ಮಧ್ಯಾಹ್ನ ಮಿರಜ್ ಕಡೆಗೆ ಹಿಂದಿರುಗಿ, ಕಾಗವಾಡದ ಮೇಲೆ ಅಥಣಿಗೆ ಬಂದೆವು. ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳ ಗದ್ದುಗೆಗೆ ನಮಸ್ಕರಿಸಿ, ಬಂದ ಮುಖ್ಯ ಕೆಲಸಕ್ಕೆ ಹೊರಟೆವು.

ಕೊಲ್ಹಾಪುರಿ ಚಪ್ಪಲಿ ಎಂದರೂ ಅದು ಕೊಲ್ಹಾಪುರದ್ದು ಮಾತ್ರವಲ್ಲ. 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಎಂಟು ಜಿಲ್ಲೆಗಳಿವೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಮನೆಮನೆಗಳಲ್ಲಿ ಈ ಕೆಲಸ ನಡೆಯುತ್ತದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುತ್ತಾರೆ. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಅಟ್ಟೆ ಕತ್ತರಿಸುವುದು ಸಾಮಾನ್ಯವಾಗಿ ಗಂಡಸರು. ಮೇಲಿನ ಪಟ್ಟಿಯ ಹೆಣಿಗೆ, ಹೊಲಿಗೆ ಹೆಚ್ಚಾಗಿ ಹೆಂಗಸರದ್ದು. ಬೆಂಗಳೂರಿನ ಅಸೆಂಟ್ ಸಂಸ್ಥೆ ಅಥಣಿಯ ಈ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿ 'ಟೋಹೋಲ್ಡ್' ಹೆಸರಿನಲ್ಲಿ ಅವರ ಚಪ್ಪಲಿಗಳನ್ನು ಹೊರದೇಶಕ್ಕೂ ಕಳಿಸಿತ್ತು.

ನಾವು ಹೋದ ಮನೆಯಲ್ಲಿ ನನ್ನದೇ ವಯಸ್ಸಿನ ಹೆಣ್ಣುಮಗಳು ಪಡಸಾಲೆಯಲ್ಲಿ ಕೂತು ಹೆಣೆಯುತ್ತಿದ್ದರು. ಒಂದು ಜೋಡಿ ಇಷ್ಟವಾಯಿತು. "ಒಂಬೈನೂರ್ರೀ ಅಕ್ಕಾರ" ಎಂದರು. ನಾನು ಏಳುನೂರು ಎಂದೆ. ಎಳೆದಾಡಿ ಏಳುನೂರೈವತ್ತಕ್ಕೆ ಇಳಿಸಿದೆ. ಗೆದ್ದೆ ಎಂದು ಗೆಳತಿಯರ ಕಡೆ ನೋಡಿ ನಕ್ಕೆ ಕೂಡ.

ಆಗ ನನ್ನ ಮಗಳು ಕೇಳಿದಳು: "ಆಂಟಿ, ಇದನ್ನ ಮಾಡಕ್ಕೆ ಎಷ್ಟು ಹೊತ್ತು ಬೇಕು?" ಆಕೆ ಲೆಕ್ಕ ಹೇಳಿದರು. ಚರ್ಮ ಹದವಾಗಲು ವಾರಗಟ್ಟಲೆ, ಆಮೇಲೆ ಕತ್ತರಿಸುವುದು, ಬಡಿಯುವುದು, ಹೆಣೆಯುವುದು, ಹೊಲಿಯುವುದು. ಮಳೆಗಾಲದಲ್ಲಿ ಒಣಗುವುದಿಲ್ಲ, ಕೆಲಸ ನಿಲ್ಲುತ್ತದೆ. ದೂರಿನ ದನಿಯೇನೂ ಇರಲಿಲ್ಲ, ಮಗುವಿಗೆ ಪಾಠ ಹೇಳಿದ ಹಾಗೆ ಹೇಳಿದರು.

ನನಗೆ ತಲೆ ಎತ್ತಲಾಗಲಿಲ್ಲ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇಂಥದೇ ಚಪ್ಪಲಿ ತೋರಿಸಿ, ಬರೀ 'ಲೆದರ್ ಸ್ಯಾಂಡಲ್' ಎಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ನಾನು. ಆಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲೇ 2000 ಜೋಡಿ ಮಾಡಿಸುವುದಾಗಿ ಹೇಳಿತು. ಬೆಲೆ ಜೋಡಿಗೆ ಸುಮಾರು 800 ಯೂರೋ, ಎಂದರೆ 80,000 ರೂಪಾಯಿಗೂ ಮೇಲೆ. ಇಟಲಿಯವರು ಹೆಸರು ಕೊಡಲಿಲ್ಲ ಎಂದು ಸಿಟ್ಟಾದ ನಾನು ಇಲ್ಲಿ ಕೂತು ಮಾಡಿದ್ದೇನು? 150 ರೂಪಾಯಿ ಕಿತ್ತುಕೊಂಡೆ. ನಮ್ಮ ಕ್ಲೈಂಟ್ ರೇಟ್ ಇಳಿಸಿ ಎಂದರೆ, ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ಎಕ್ಸೆಲ್ ತೆರೆದು ತೋರಿಸಿ ವಾದ ಮಾಡುತ್ತೇವೆ. ಆಕೆಯ ಗಂಟೆಗಳನ್ನು ನಾನು ಕೇಳಲೂ ಇಲ್ಲ, ನನ್ನ ಮಗಳು ಕೇಳಿದಳು.

ಉಳಿದ 150 ರೂಪಾಯಿ ಕೊಡಲು ಹೋದೆ. ಆಕೆ ತೆಗೆದುಕೊಳ್ಳಲಿಲ್ಲ. "ಆಡಿದ ಮಾತು ಆತ್ರೀ. ನಿಮಗ ಕೊಡಬೇಕ ಅನಸಿದ್ರ ಇನ್ನೊಂದ ಜೋಡಿ ತಗೋರಿ, ಅದಕ್ಕ ಪೂರಾ ರೊಕ್ಕ ಕೊಡ್ರಿ" ಎಂದರು. ನಮ್ಮ ಯಾವ ಸೇಲ್ಸ್ ಮ್ಯಾನೇಜರ್‌ಗೂ ಕಡಿಮೆಯಿಲ್ಲದ ಮಾತು! ಅತ್ತೆಗೊಂದು ಜೋಡಿ ಕೊಂಡೆ, ಪೂರಾ ಒಂಬೈನೂರು ಕೊಟ್ಟು.

ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ನಮಗೆಲ್ಲ ಗೊತ್ತು. ಅದನ್ನು ಬಸವಣ್ಣ ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡರು. ನಾವು ತಲೆಯ ಮೇಲಿಡುವುದು ಬೇಡ, ಚೌಕಾಸಿ ಮಾಡದಿದ್ದರೆ ಸಾಕು.

ಕೊಂಡವರಿಗೆ ಆಕೆ ಹೇಳಿದ ಎರಡು ಮಾತು: ಮೊದಲ ಕೆಲವು ರಾತ್ರಿ ಎಣ್ಣೆ ಸವರಿಡಿ, ಕಚ್ಚುವುದಿಲ್ಲ. ಮಳೆಯಲ್ಲಿ ಮಾತ್ರ ಹಾಕಬೇಡಿ.

ನನ್ನದೊಂದು ವಿನಂತಿ ಇದೆ. ಬರುವ ರಾಜ್ಯೋತ್ಸವಕ್ಕೆ ವೇದಿಕೆಯ ಪರವಾಗಿ ಒಟ್ಟಿಗೆ ಆರ್ಡರ್ ಕೊಡೋಣ, ಅವರು ಹೇಳಿದ ಬೆಲೆಗೆ, ಅರ್ಧ ಮುಂಗಡ ಕೊಟ್ಟು. ಮಳೆಗಾಲಕ್ಕೆ ಮುಂಚೆಯೇ ಹೇಳಬೇಕು. ಹಾಳೆಯ ಮೇಲೆ ಪಾದವಿಟ್ಟು ಪೆನ್ನಿನಲ್ಲಿ ಗೆರೆ ಎಳೆದು ಕೊಡಿ, ಅಳತೆಗೆ ಅಷ್ಟು ಸಾಕು. ಹಾಳೆ, ಪೆನ್ನು ಎರಡೂ ತಂದಿದ್ದೇನೆ. ಊಟಕ್ಕೆ ಏಳುವ ಮೊದಲು ಒಮ್ಮೆ ಚಪ್ಪಲಿ ಬಿಟ್ಟು ಈ ಕಡೆ ಬನ್ನಿ.