ಖೋತಾ ಯಾರದು, ಭರ್ತಿ ಯಾರದು?

(ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮುಂಗಡಪತ್ರವೆಂದರೆ ದಿಲ್ಲಿಯ ಪಂಡಿತರ ವಿಷಯ, ನಮಗೇಕೆ ಎಂದು ಕೆಲವರು ಕೇಳುತ್ತಾರೆ. ಅಂಗಡಿಯ ಕಿರ್ದಿ ಬರೆಯಬಲ್ಲವನಿಗೆ ಇದೂ ತಿಳಿಯುತ್ತದೆ. ಬಂದದ್ದೆಷ್ಟು, ಹೋದದ್ದೆಷ್ಟು, ಕಡಿಮೆ ಬಿದ್ದದ್ದಕ್ಕೆ ಮಾಡಿದ ಸಾಲವನ್ನು ತೀರಿಸುವವರು ಯಾರು, ಇಷ್ಟೇ.

2020-21ರಲ್ಲಿ ಕೋವಿಡ್ ಬಂದು ಗಿರಣಿ, ಅಂಗಡಿ, ರೈಲು ಎಲ್ಲವೂ ನಿಂತವು. ಆ ವರ್ಷ ಕೇಂದ್ರ ಸರ್ಕಾರದ ಖೋತಾ ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡಾ 9.2ಕ್ಕೆ ಏರಿತು. ಮೊದಲು ಅಂದಾಜು ಮಾಡಿದ್ದು 3.5. ಇದಕ್ಕಾಗಿ ನಾನು ಸರ್ಕಾರವನ್ನು ಬಯ್ಯುವುದಿಲ್ಲ. ಊರಿಗೂರೇ ಕೆಲಸವಿಲ್ಲದೆ ಕುಳಿತಾಗ ಖಜಾನೆಯೂ ಕೈ ಬಿಗಿಹಿಡಿದರೆ ಅಂಗಡಿಗೆ ಗಿರಾಕಿ ಎಲ್ಲಿಂದ ಬರಬೇಕು? ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ 5 ಕಿಲೋ ಧಾನ್ಯ ಪುಕ್ಕಟೆ ಕೊಟ್ಟರು. ಗ್ರಾಮೀಣ ಉದ್ಯೋಗ ಖಾತರಿಗೆ 1.11 ಲಕ್ಷ ಕೋಟಿ ರೂಪಾಯಿ ಖರ್ಚಾಯಿತು. ಆಹಾರ ನಿಗಮದ ತಲೆಗೆ ಕಟ್ಟಿ ಮರೆಯಲ್ಲಿಟ್ಟಿದ್ದ ಹಳೆಯ ಸಾಲವನ್ನೂ ಲೆಕ್ಕಕ್ಕೆ ತಂದರು. ತಡವಾದರೂ ಒಳ್ಳೆಯ ಕೆಲಸವೇ.

ಆಮೇಲೆ ಖೋತಾ ವರ್ಷವರ್ಷವೂ ಇಳಿದು 2024-25ಕ್ಕೆ 4.8 ಆಯಿತು. ಪತ್ರಿಕೆಗಳು ಹೊಗಳಿದವು. ಆದರೆ ಇಳಿಸಿದ ಹಣ ಯಾರ ಜೇಬಿನದು?

ಪೆಟ್ರೋಲನ್ನೇ ನೋಡಿ. 2020ರ ಏಪ್ರಿಲ್‌ನಲ್ಲಿ ಕಚ್ಚಾತೈಲ ಪೀಪಾಯಿಗೆ ಸುಮಾರು 20 ಡಾಲರಿಗೆ ಕುಸಿದಿತ್ತು. ಆ ಲಾಭ ನಮಗೆ ಬರಬೇಕಾಗಿತ್ತು. ಬರಲಿಲ್ಲ. ವರ್ಷದ ಮೊದಲಿಗೆ ಲೀಟರಿಗೆ 19.98 ರೂಪಾಯಿ ಇದ್ದ ಕೇಂದ್ರದ ಸುಂಕವನ್ನು ಮೇ ತಿಂಗಳೊಳಗೆ 32.98ಕ್ಕೆ ಏರಿಸಿದರು, ಡೀಸೆಲ್ ಮೇಲೆ 15.83 ಇದ್ದದ್ದು 31.83 ಆಯಿತು, ಅಂದರೆ ಎರಡು ಪಟ್ಟು. ಲಾರಿ ಬಾಡಿಗೆಯ ಮೂಲಕ ಅದು ಉಪ್ಪು, ಬೇಳೆ, ನೂಲು ಎಲ್ಲದರ ಮೇಲೂ ಕೂತಿತು. ಜನರ ಸಂಪಾದನೆ ನಿಂತ ಅದೇ ವರ್ಷ ಅಬ್ಕಾರಿ ಸುಂಕದ ವರಮಾನ 2.4 ಲಕ್ಷ ಕೋಟಿಯಿಂದ ಸುಮಾರು 3.9 ಲಕ್ಷ ಕೋಟಿಗೆ ನೆಗೆಯಿತು. ಇನ್ನೊಂದು ಚಮತ್ಕಾರ ಕೇಳಿ. ಆ 32.98ರಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳುವ ಮೂಲ ಸುಂಕ 2.98 ಮಾತ್ರ. ಉಳಿದದ್ದೆಲ್ಲ ಸೆಸ್, ವಿಶೇಷ ಸುಂಕ ಎಂಬ ಹೆಸರಿನಲ್ಲಿ ದಿಲ್ಲಿಗೇ. 2021ರ ನವೆಂಬರ್, 2022ರ ಮೇ ತಿಂಗಳುಗಳಲ್ಲಿ ಇಳಿಸಿದರು, ನಿಜ. ಪೆಟ್ರೋಲಿನ ಸುಂಕ ಆಗಲೂ ಸುಮಾರು 20 ರೂಪಾಯಿಯಲ್ಲೇ ನಿಂತಿತು.

ಇತ್ತ ದೊಡ್ಡ ಕಂಪನಿಗಳಿಗೆ ಕೋವಿಡ್‌ಗೆ ಮುಂಚೆಯೇ, 2019ರ ಸೆಪ್ಟೆಂಬರಿನಲ್ಲಿ, ತೆರಿಗೆಯ ಮೂಲ ದರವನ್ನು 30ರಿಂದ 22ಕ್ಕೆ ಇಳಿಸಿಯಾಗಿತ್ತು. ಬಿಟ್ಟುಕೊಟ್ಟದ್ದು ವರ್ಷಕ್ಕೆ 1.45 ಲಕ್ಷ ಕೋಟಿ ಎಂದು ಸರ್ಕಾರವೇ ಅಂದಾಜು ಹೇಳಿತು. 2023-24ರಲ್ಲಿ ವ್ಯಕ್ತಿಗಳು ಕಟ್ಟಿದ ವರಮಾನ ತೆರಿಗೆ 10.4 ಲಕ್ಷ ಕೋಟಿ ದಾಟಿತು, ಕಂಪನಿಗಳದು 9.1 ಲಕ್ಷ ಕೋಟಿ. ಅದೇ ವರ್ಷದ ಮುಂಗಡಪತ್ರದಲ್ಲಿ ಉದ್ಯೋಗ ಖಾತರಿಗೆ ಇಟ್ಟದ್ದು 60,000 ಕೋಟಿ. ಸಾಲದೆ ಬಂದು ಮತ್ತೆ ಸೇರಿಸಬೇಕಾಯಿತು.

ಬಂಡವಾಳ ವೆಚ್ಚ 9.5 ಲಕ್ಷ ಕೋಟಿಗೆ ಏರಿತಲ್ಲ, ರಸ್ತೆ, ರೈಲು ಆಗಲಿಲ್ಲವೇ ಎಂದು ಒಬ್ಬ ಮಿತ್ರರು ಕೇಳಿದರು. ಆಗಿವೆ. ರಸ್ತೆ ಬೇಡವೆನ್ನುವ ವ್ಯಾಪಾರಿ ಇಲ್ಲ. ಆದರೆ ಆ ಕೆಲಸವನ್ನು ಈಗ ಬಹುಪಾಲು ಯಂತ್ರ ಮಾಡುತ್ತದೆ. ಕೂಲಿಯಾಗಿ ಬಜಾರಿಗೆ ಮರಳುವುದು ಸ್ವಲ್ಪವೇ. ಸಾಲ ತೀರಿಸಬೇಡಿ ಎಂದೂ ನಾನು ಹೇಳುವವನಲ್ಲ. 2023-24ರಲ್ಲಿ ಬಂದ ಪ್ರತಿ 100 ರೂಪಾಯಿ ವರಮಾನದಲ್ಲಿ ಸುಮಾರು 39 ಬಡ್ಡಿಗೇ ಹೋಯಿತು. ಆ ಸಾಲಪತ್ರಗಳಲ್ಲಿ ಬ್ಯಾಂಕಿನ, ಜೀವವಿಮೆಯ, ನಿಮ್ಮ ಭವಿಷ್ಯನಿಧಿಯ ಹಣವೂ ಇದೆ. ತೀರಿಸಲೇಬೇಕು. ಯಾರಿಂದ ವಸೂಲು ಮಾಡಿ ಎಂಬುದಷ್ಟೇ ನಮ್ಮ ತಕರಾರು.

2022ರ ಜುಲೈ 18ರಿಂದ ಚೀಟಿ ಅಂಟಿಸಿದ ಪೊಟ್ಟಣದ ಅಕ್ಕಿ, ಹಿಟ್ಟು, ಮಂಡಕ್ಕಿಗೂ ಶೇಕಡಾ 5 ಜಿಎಸ್‌ಟಿ ಬಂತು. ಬಟ್ಟೆಯ ಮೇಲೆ 5 ಇದ್ದದ್ದನ್ನು 2022ರ ಜನವರಿ 1ರಿಂದ 12 ಮಾಡುವುದೆಂದೂ ಗೊತ್ತಾಗಿತ್ತು. ಬಟ್ಟೆ ವ್ಯಾಪಾರಿಗಳು ಎದ್ದುನಿಂತರು, ಹಲವು ರಾಜ್ಯಗಳೂ ದನಿಗೂಡಿಸಿದವು. ಹಿಂದಿನ ದಿನ, ಡಿಸೆಂಬರ್ 31ರಂದು, ಮಂಡಳಿ ಸೇರಿ ಅದನ್ನು ತಡೆಹಿಡಿಯಿತು.