ಸಭೆಯ ಗದ್ದಲ ಮತ್ತು ಸಭೆಯ ದಾಖಲೆ

(ಸಾರ್ವಜನಿಕ ಅಹವಾಲು ಸಭೆಗಳನ್ನು ಕುರಿತು ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಅಣೆಕಟ್ಟು, ಗಣಿ, ವಿದ್ಯುತ್ ಸ್ಥಾವರ ಮುಂತಾದ ಯೋಜನೆಗಳು ಮಲೆನಾಡಿಗೆ ಬಂದಾಗ, ಅಲ್ಲಿಯ ನಿವಾಸಿಯ ಮಾತು ಸರಕಾರದ ಕಡತದೊಳಗೆ ಸೇರಲು ಇರುವ ದಾರಿಗಳು ಕೆಲವೇ. ಅವುಗಳಲ್ಲಿ ಮುಖ್ಯವಾದದ್ದು ಸಾರ್ವಜನಿಕ ಅಹವಾಲು ಸಭೆ. ಈ ಸಭೆಗೆ ಯೋಜನೆಯನ್ನು ಒಪ್ಪುವವರು ಬರುತ್ತಾರೆ, ಒಪ್ಪದವರೂ ಬರುತ್ತಾರೆ. ಇವರ ನಡುವೆ ಮೂರನೆಯ ಬಗೆಯ ಕೆಲವರು ಇರುತ್ತಾರೆ. ತಮ್ಮದೆಂದು ಹೇಳಬೇಕಾದ ಮಾತು ಇವರಿಗೆ ಇರುವುದಿಲ್ಲ; ಇತರರ ಮಾತು ಕೇಳಿಸದಂತೆ ಮಾಡುವುದೇ ಇವರ ಉದ್ದೇಶ. ಕೂಗು, ಕುಹಕ, ವೈಯಕ್ತಿಕ ನಿಂದನೆ ಇವರ ಸಾಧನಗಳು. ಇಂಥವರನ್ನು ಎದುರಿಸುವ ಬಗೆ ಯಾವುದು ಎಂಬುದೇ ಈ ಹೊತ್ತಿನ ವಿಚಾರ.

ಮೊದಲು ಕಾನೂನಿನ ಹಿನ್ನೆಲೆಯನ್ನು ಗಮನಿಸಬೇಕು. ಪರಿಸರ ಪರಿಣಾಮ ಅಂದಾಜನ್ನು ಕಡ್ಡಾಯಗೊಳಿಸಿದ ಅಧಿಸೂಚನೆ ಹೊರಟದ್ದು 1994ರ ಜನವರಿಯಲ್ಲಿ. ಜನರ ಅಹವಾಲು ಕೇಳುವುದು ಕಡ್ಡಾಯವಾದದ್ದು 1997ರ ಏಪ್ರಿಲ್ ತಿದ್ದುಪಡಿಯ ನಂತರ. ಇಂದು ನಡೆಯುವ ಸಭೆಗಳಿಗೆ ಆಧಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದರ ಪ್ರಕಾರ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಇರಬೇಕು. ಯೋಜನೆಯ ಸ್ಥಳದಲ್ಲಿ ಅಥವಾ ಅದಕ್ಕೆ ತೀರ ಸಮೀಪದಲ್ಲಿ ಸಭೆ ನಡೆಯಬೇಕು. ಜಿಲ್ಲಾಧಿಕಾರಿಯಾಗಲಿ, ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಪ್ರತಿನಿಧಿಯಾಗಲಿ ಅಧ್ಯಕ್ಷತೆ ವಹಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಅವರಿಗೆ ನೆರವಾಗಬೇಕು. ಇಡೀ ಕಲಾಪದ ವಿಡಿಯೋ ಚಿತ್ರೀಕರಣವಾಗಬೇಕು. ಹಾಜರಿರುವ ಪ್ರತಿಯೊಬ್ಬರಿಗೂ ಯೋಜನೆಯ ಬಗ್ಗೆ ಮಾಹಿತಿ ಹಾಗೂ ಸ್ಪಷ್ಟನೆ ಕೇಳುವ ಅವಕಾಶ ಇರಬೇಕು. ಸಭೆಯ ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸಭಿಕರ ಮುಂದೆ ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಿ, ಅದೇ ದಿನ ಸಹಿ ಮಾಡಬೇಕು.

ಈ ನಿಯಮಗಳಲ್ಲಿ ಎರಡು ಅಂಶಗಳು ಹಲವರ ಗಮನಕ್ಕೆ ಬಂದಿರುವುದಿಲ್ಲ. ಒಂದು, ಈ ಸಭೆಗೆ ಕೋರಂ ಎಂಬುದಿಲ್ಲ. ಜನ ಬಹಿಷ್ಕರಿಸಿ ಹೊರನಡೆದರೂ ಉಳಿದವರೊಡನೆ ಸಭೆ ಮುಂದುವರಿಯಬಹುದು. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು. ಸ್ಥಳೀಯ ಪರಿಸ್ಥಿತಿಯ ಕಾರಣದಿಂದ ಜನ ಮುಕ್ತವಾಗಿ ಅಭಿಪ್ರಾಯ ಹೇಳುವಂತೆ ಸಭೆ ನಡೆಸಲು ಸಾಧ್ಯವಿಲ್ಲವೆಂದು ವರದಿಯಾದರೆ, ಅದನ್ನು ಪರಿಶೀಲಿಸಿ, ಸಭೆಯೇ ಬೇಡವೆಂದು ತೀರ್ಮಾನಿಸುವ ಅಧಿಕಾರ ಮಂಜೂರಾತಿ ನೀಡುವ ಪ್ರಾಧಿಕಾರಕ್ಕೆ ಇದೆ.

ಇದರ ಅರ್ಥ ಸ್ಪಷ್ಟವಾಗಿದೆ. ಗದ್ದಲದಿಂದ ಸಭೆ ಮುರಿದುಬಿದ್ದರೆ ಯೋಜನೆಯೂ ಮುರಿದುಬಿತ್ತೆಂದು ಭಾವಿಸಬಾರದು. ಕಳೆದುಹೋಗುವುದು ಜನರಿಗಿದ್ದ ಅವಕಾಶ. ತೋಟ ಮುಳುಗುವ ರೈತ, ಗುಡ್ಡದ ನೀರನ್ನು ನಂಬಿದ ಹೆಣ್ಣುಮಗಳು, ಹೊಳೆಯ ಮೀನನ್ನು ನಂಬಿದ ಬೆಸ್ತರು ಹೇಳಬೇಕಾಗಿದ್ದ ಮಾತು ದಾಖಲೆಯಲ್ಲಿ ಉಳಿಯುವುದಿಲ್ಲ. ಅಲ್ಲಿ ಉಳಿಯುವುದು 'ಗೊಂದಲ ಉಂಟಾಯಿತು' ಎಂಬ ಒಂದು ಸಾಲು. ಕೂಗಾಡಿದವರು ಯೋಜನೆಯ ಪರವಾಗಿದ್ದರೂ ವಿರೋಧವಾಗಿದ್ದರೂ ಈ ಫಲ ಬದಲಾಗುವುದಿಲ್ಲ.

ಹಾಗಾದರೆ ಗದ್ದಲ ಮಾಡುವವರನ್ನು ಗುರುತಿಸುವುದು ಹೇಗೆ? ಇಲ್ಲಿ ಗದ್ದೆಯ ಕೆಲಸದಿಂದ ಒಂದು ಪಾಠವಿದೆ. ಭತ್ತದ ಸಸಿಯ ಜೊತೆಗೆ ಬೆಳೆಯುವ ಒಂದು ಕಳೆಹುಲ್ಲು ಎಳೆಯದಿರುವಾಗ ಭತ್ತದಂತೆಯೇ ಕಾಣುತ್ತದೆ. ಬಣ್ಣದಿಂದಾಗಲಿ ಎತ್ತರದಿಂದಾಗಲಿ ಅದನ್ನು ಬೇರ್ಪಡಿಸಲಾಗದು. ಎಲೆಯು ಕಾಂಡವನ್ನು ಸೇರುವ ಸಂದನ್ನು ನೋಡಬೇಕು. ಭತ್ತಕ್ಕೆ ಅಲ್ಲಿ ತೆಳುವಾದ ಒಂದು ಪೊರೆ ಇರುತ್ತದೆ, ಈ ಕಳೆಗೆ ಇರುವುದಿಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತರೆ ಹಾಳಾಗುವುದು ಬೆಳೆಯೇ.

ಸಭೆಯಲ್ಲಿಯೂ ಸ್ವರದ ಎತ್ತರವನ್ನು ನೋಡಿ ತೀರ್ಮಾನಿಸಬಾರದು. ಮನೆ ಕಳೆದುಕೊಳ್ಳುವ ಭಯದಲ್ಲಿರುವವನು ಗಟ್ಟಿಯಾಗಿಯೇ ಮಾತನಾಡುತ್ತಾನೆ. ಅವನ ಸಿಟ್ಟಿನೊಳಗೆ ಒಂದು ಪ್ರಶ್ನೆ ಇರುತ್ತದೆ. ಕೇವಲ ತೊಂದರೆ ಕೊಡಲು ಬಂದವನು ಮೆಲುದನಿಯಲ್ಲಿಯೂ ಸಭೆಯನ್ನು ಹಾಳುಮಾಡಬಲ್ಲ. ನೋಡಬೇಕಾದದ್ದು ಮಾತು ಮತ್ತು ವಿಷಯ ಸೇರುವ ಸಂದನ್ನು. ಆಡಿದ ಮಾತು ಯೋಜನೆಗೆ ಸಂಬಂಧಿಸಿದೆಯೆ? ಉತ್ತರ ದೊರೆತ ಮೇಲೆ ಮುಂದಿನ ಪ್ರಶ್ನೆಗೆ ಹೋಗುತ್ತದೆಯೆ, ಅಥವಾ ಅದೇ ಕೆಣಕು ಮತ್ತೆ ಮತ್ತೆ ಬರುತ್ತದೆಯೆ? ಇತರರ ಸರದಿಯನ್ನು ಕಸಿದುಕೊಳ್ಳುತ್ತದೆಯೆ? ಇವು ನಡತೆಯ ಪರೀಕ್ಷೆಗಳು. ಅಭಿಪ್ರಾಯಕ್ಕೆ ಪರೀಕ್ಷೆ ಸಲ್ಲದು.

ಅಜ್ಞಾನ ಅಥವಾ ಭಯದಿಂದ ಹುಟ್ಟಿದ ಪ್ರಶ್ನೆಯನ್ನು ಕಿಡಿಗೇಡಿತನವೆಂದು ತಳ್ಳಿಹಾಕುವುದು ದೊಡ್ಡ ತಪ್ಪು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಚರ್ಚೆ ಇದಕ್ಕೆ ಉದಾಹರಣೆ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿಯ ವರದಿ 2011ರ ಆಗಸ್ಟಿನಲ್ಲಿ ಸಲ್ಲಿಕೆಯಾದರೂ ಸಾರ್ವಜನಿಕರಿಗೆ ದೊರೆತದ್ದು 2012ರ ಮೇ ತಿಂಗಳಲ್ಲಿ. ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂದಿತು. 2014ರಿಂದ ಕರಡು ಅಧಿಸೂಚನೆಗಳು ಒಂದಾದ ಮೇಲೊಂದು ಹೊರಟವು. ಈ ಅವಧಿಯಲ್ಲಿ ಮನೆ ಕಟ್ಟಲೂ ಬಿಡುವುದಿಲ್ಲ ಎಂಬ ಭಯ ಹಳ್ಳಿಗಳಲ್ಲಿ ಹರಡಿತು. ಆದರೆ ಕರಡಿನಲ್ಲಿ ಕಟ್ಟಡಗಳ ವಿಷಯದಲ್ಲಿ ನಿಷೇಧಕ್ಕೆ ಸೂಚಿಸಿದ್ದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ನಿರ್ಮಾಣಗಳನ್ನು. ಈ ಭಯವನ್ನು ಹೇಳಿಕೊಂಡವನನ್ನು ಗೇಲಿ ಮಾಡಿದ್ದರಿಂದ ಯಾರ ಭಯವೂ ಹೋಗಲಿಲ್ಲ. ಮೂಲ ದಾಖಲೆಯನ್ನು ಕೈಯಲ್ಲಿ ಹಿಡಿದು, ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳುವುದು ಅದಕ್ಕೆ ತಕ್ಕ ಉತ್ತರ. ಅದರ ನಂತರವೂ ಒಬ್ಬನು ಕರಡನ್ನು ವಿರೋಧಿಸಿದರೆ ಅದು ಅವನ ಹಕ್ಕು.

ಗದ್ದಲದ ನಡುವೆಯೂ ದಾಖಲೆ ಉಳಿಯಬಲ್ಲದು ಎಂಬುದಕ್ಕೆ ಬಿಟಿ ಬದನೆಯ ಸಮಾಲೋಚನೆ ಸಾಕ್ಷಿ. 2009ರ ಅಕ್ಟೋಬರ್ 14ರಂದು ತಜ್ಞ ಸಮಿತಿಯು ಬಿಟಿ ಬದನೆಗೆ ಒಪ್ಪಿಗೆ ನೀಡಿತು. ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಕೂಡಲೇ ಅದನ್ನು ಜಾರಿಗೊಳಿಸದೆ, 2010ರ ಜನವರಿ 13ರಿಂದ ಫೆಬ್ರವರಿ 6ರವರೆಗೆ ಏಳು ನಗರಗಳಲ್ಲಿ ಸಭೆ ನಡೆಸಿದರು. ಕೋಲ್ಕತ್ತದಲ್ಲಿ ಆರಂಭವಾದ ಈ ಸರಣಿ ಬೆಂಗಳೂರಿನಲ್ಲಿ ಮುಗಿಯಿತು. ಒಟ್ಟು ಸುಮಾರು 8,000 ಜನ ಪಾಲ್ಗೊಂಡರು. ಘೋಷಣೆ, ಮಾತಿನ ಚಕಮಕಿ, ಸಿಟ್ಟು ಎಲ್ಲವೂ ಅಲ್ಲಿದ್ದವು. ಆದರೂ ರೈತರು, ವಿಜ್ಞಾನಿಗಳು, ವೈದ್ಯರು, ಬೀಜ ಕಂಪೆನಿಯವರು ಮಾತನಾಡಿದರು. ಲಿಖಿತ ಅಭಿಪ್ರಾಯಗಳು, ರಾಜ್ಯ ಸರಕಾರಗಳ ಪತ್ರಗಳು ಸಂಗ್ರಹವಾದವು. ಫೆಬ್ರವರಿ 9ರಂದು ಪ್ರಕಟವಾದ ತಡೆಯ ತೀರ್ಮಾನದ ಜೊತೆಗೆ ಅದರ ಕಾರಣಗಳೂ ಈ ದಾಖಲೆಗಳೂ ಜನರ ಮುಂದೆ ಬಂದವು. ಆ ತೀರ್ಮಾನವನ್ನು ಒಪ್ಪದ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರು ವಾದಿಸುವುದಕ್ಕೂ ಅದೇ ದಾಖಲೆ ಆಧಾರವಾಗಿದೆ. ಅಂದು ಕೇಳಿದ ಘೋಷಣೆಗಳು ಇಂದು ಯಾರಿಗೂ ನೆನಪಿಲ್ಲ, ಬರೆದುಕೊಟ್ಟ ಕಾಗದಗಳು ಇವೆ.

ಸಭೆಗೆ ಹೋಗುವ ಗ್ರಾಮಸ್ಥರು ಕೆಲವು ಸಿದ್ಧತೆಗಳನ್ನು ಮಾಡಿಕೊಳ್ಳಬಹುದು. ಕನ್ನಡದ ಸಾರಾಂಶ ವರದಿಯನ್ನು ಮೊದಲೇ ಪಡೆದು ಊರಿನಲ್ಲಿ ಎಲ್ಲರೂ ಕೂತು ಓದಬೇಕು. ಒಬ್ಬರಿಗೆ ಒಂದು ಪ್ರಶ್ನೆಯಂತೆ ಹಂಚಿಕೊಳ್ಳಬೇಕು. ಮೊದಲು ಹೆಸರು ಮತ್ತು ಊರು, ಆಮೇಲೆ ಪ್ರಶ್ನೆ. ಅದನ್ನೇ ಬರೆದೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೆಣಕಿದವನಿಗೆ ಉತ್ತರ ಕೊಡುವ ಗೋಜಿಗೆ ಹೋಗಬಾರದು. ಅವನಿಗೆ ಬೇಕಾದದ್ದೇ ಆ ಉತ್ತರ. ಮಾತು ನಿಲ್ಲಿಸಿ, ಅಧ್ಯಕ್ಷರ ಕಡೆ ತಿರುಗಿ, ತನ್ನ ಸರದಿಯನ್ನು ಕಾಪಾಡುವಂತೆ ಕೇಳಬೇಕು. ಈ ಕೋರಿಕೆ ವಿಡಿಯೋದಲ್ಲಿ ದಾಖಲಾಗುತ್ತದೆ. ಕೊನೆಯಲ್ಲಿ ನಡಾವಳಿ ಓದುವವರೆಗೆ ಯಾರೂ ಎದ್ದು ಹೋಗಬಾರದು. ಬಿಟ್ಟುಹೋದ ಮಾತನ್ನು ಅಲ್ಲಿಯೇ ಸೇರಿಸಲು ಕೇಳಬೇಕು. ಪಂಚಾಯತಿಯಲ್ಲಿ ನಡಾವಳಿ ಪ್ರಕಟವಾದ ಮೇಲೆ ಆಕ್ಷೇಪವಿದ್ದರೆ ಪ್ರಾಧಿಕಾರಕ್ಕೆ ನೇರವಾಗಿ ಬರೆಯಲೂ ಅವಕಾಶವಿದೆ.

ಅಧ್ಯಕ್ಷತೆ ವಹಿಸುವವರ ಹೊಣೆ ಇನ್ನೂ ಹೆಚ್ಚಿನದು. ನಿಯಮವನ್ನು ಆರಂಭದಲ್ಲಿಯೇ ಹೇಳಬೇಕು. ಎಚ್ಚರಿಕೆ ಕೊಡದೆ ಯಾರ ಮಾತನ್ನೂ ತಡೆಯಬಾರದು. ಪರ ಮತ್ತು ವಿರೋಧ ಎರಡಕ್ಕೂ ಒಂದೇ ಅಳತೆ ಇರಬೇಕು. ಗದ್ದಲವೆಂಬ ನೆಪದಲ್ಲಿ ಅಹಿತವಾದ ಪ್ರಶ್ನೆಯನ್ನು ಅಡಗಿಸುವ ಅಧ್ಯಕ್ಷರೂ ಸಭೆಯನ್ನು ಮುರಿದವರೇ.

ಕೊನೆಯ ಮಾತು ಪರಿಸರ ಚಳವಳಿಯ ಯುವಕರಿಗೆ ಸಂಬಂಧಿಸಿದ್ದು. ಕೂಲಿಯ ಆಸೆಯಿಂದ ಯೋಜನೆಯನ್ನು ಬೆಂಬಲಿಸುವ ಕಾರ್ಮಿಕ ಎದ್ದುನಿಂತಾಗ, 'ಕಂಪೆನಿಯ ಏಜೆಂಟ' ಎಂದು ಕೂಗಿ ಅವನನ್ನು ಕೂರಿಸುವುದು ಸುಲಭ. ಆದರೆ ಅವನಿಗೆ ದುಡಿಮೆ ಬೇಕಾಗಿರುವುದು ಸುಳ್ಳಲ್ಲ. ಅವನೂ ಅದೇ ಊರಿನವನು, ಮರುದಿನ ಅದೇ ಹಾದಿಯಲ್ಲಿ ಎದುರಾಗುವವನು. ಅವನ ಮಾತು ಪೂರ್ತಿಯಾಗುವವರೆಗೆ ಕಾಯ್ದು, ದುಡಿಮೆಯ ಪ್ರಶ್ನೆಗೆ ಉತ್ತರ ಹುಡುಕಬಲ್ಲ ಚಳವಳಿ ಊರಿನ ವಿಶ್ವಾಸವನ್ನು ಗಳಿಸುತ್ತದೆ. ಎದುರಾಳಿಯ ಸರದಿಯನ್ನು ಕಾಪಾಡದವರಿಗೆ ತಮ್ಮ ಸರದಿಯನ್ನು ಕೇಳುವ ನೈತಿಕ ಬಲ ಉಳಿಯುವುದಿಲ್ಲ.