ಕನ್ನಡದ ಮೂಲಕ ಇಂಗ್ಲಿಷ್ ವ್ಯಾಕರಣ
(ವಾರ್ಷಿಕೋತ್ಸವದ ಭಾಷಣ)



“ಇಂಗ್ಲಿಷು ಬೇಕು, ಆದುದರಿಂದ ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸಬೇಕು” ಎಂಬ ಮಾತನ್ನು ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಕೇಳುತ್ತಿದ್ದೇವೆ. ಇದರ ಪೂರ್ವಾರ್ಧವನ್ನು ನಾನು ಒಪ್ಪುತ್ತೇನೆ. ಉತ್ತರಾರ್ಧಕ್ಕೆ ಆಧಾರವಿಲ್ಲವೆಂದು ನಿವೇದಿಸಲು ಇಲ್ಲಿ ನಿಂತಿದ್ದೇನೆ.

ಹಿಂದೊಮ್ಮೆ ಬಾಲಕನೊಬ್ಬನು ಇಂಗ್ಲಿಷ್ ಪರೀಕ್ಷೆಯಲ್ಲಿ ‘ಫಸ್ಟ್ ಪರ್ಸನ್’ ಎಂಬುದಕ್ಕೆ ‘ಹಿ’ ಎಂದು ಬರೆದು, ಅಂಕವನ್ನು ಕಳೆದುಕೊಂಡು, ನನ್ನ ಬಳಿಗೆ ಅಳುತ್ತ ಬಂದನು. ತಪ್ಪಿನ ಮೂಲ ನಾನೇ. ‘ಅವನು’ ಎಂಬುದು ಪ್ರಥಮಪುರುಷವೆಂದು ಅವನಿಗೆ ಕಲಿಸಿದವನು ನಾನು. ಸಂಸ್ಕೃತ ಸಂಪ್ರದಾಯದಂತೆ ನಮ್ಮ ಎಣಿಕೆಯು ‘ಅವನು’ ಎಂಬಲ್ಲಿಂದ ತೊಡಗುತ್ತದೆ. ಇಂಗ್ಲಿಷಿನದು ‘ನಾನು’ ಎಂಬಲ್ಲಿಂದ. ನಮ್ಮ ಉತ್ತಮಪುರುಷವೇ ಅವರ ಫಸ್ಟ್ ಪರ್ಸನ್. ಈ ಒಂದು ವಾಕ್ಯವನ್ನು ನಾನು ಹೇಳಿದ್ದರೆ ಮಗುವು ಅಳುತ್ತಿರಲಿಲ್ಲ. ಕನ್ನಡವು ಅವನನ್ನು ಕೆಡಿಸಲಿಲ್ಲ. ಎರಡು ತರಗತಿಗಳ ನಡುವಿನ ಗೋಡೆಯು ಕೆಡಿಸಿತು.

ಆ ಗೋಡೆಯನ್ನು ತೆಗೆದರೆ ಆಗುವ ಲಾಭವನ್ನು ನೋಡಿರಿ. ‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದು ಬರೆವ ಅಕ್ಷರವನ್ನಲ್ಲ, ಉಚ್ಚಾರವನ್ನು ಅವಲಂಬಿಸಿದೆ. ಶಬ್ದವನ್ನು ಕನ್ನಡದಲ್ಲಿ ಬರೆಯಿಸಿರಿ: ‘ಅವರ್’ ಎಂದಾಗ ಆದಿಯಲ್ಲಿ ಸ್ವರ, ಆದುದರಿಂದ ‘ಆ್ಯನ್’, ‘ಯೂನಿವರ್ಸಿಟಿ’ ಎಂದಾಗ ಯಕಾರ, ಆದುದರಿಂದ ‘ಎ’. ವರ್ಣಮಾಲೆಯನ್ನು ಬಲ್ಲ ಬಾಲಕನಿಗೆ ಇದು ಅರೆಗಳಿಗೆಯ ಪಾಠ.

‘ಬೇಡನು ಹುಲಿಯನ್ನು ಕೊಂದನು’, ‘ಹುಲಿಯನ್ನು ಬೇಡನು ಕೊಂದನು’—ಹೇಗೆ ಹೇಳಿದರೂ ಸತ್ತದ್ದು ಹುಲಿಯೇ; ವಿಭಕ್ತಿಪ್ರತ್ಯಯವು ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನ ನಾಮಪದಕ್ಕೆ ಆ ಪ್ರತ್ಯಯವಿಲ್ಲ. ಅಲ್ಲಿ ಸ್ಥಾನವೇ ವಿಭಕ್ತಿ. ಹುಲಿಯನ್ನು ಮುಂದಕ್ಕೆ ತಂದರೆ ಬೇಡನು ಸಾಯುತ್ತಾನೆ! ದ್ವಿತೀಯಾ ವಿಭಕ್ತಿಯನ್ನು ಅರಿತವನಿಗೆ ಪದಕ್ರಮದ ಕಟ್ಟುನಿಟ್ಟು ಏಕೆಂಬುದು ತಾನೇ ತಿಳಿಯುತ್ತದೆ.

‘ಇದು ಮರ’ ಎಂಬುದು ನಮ್ಮಲ್ಲಿ ಕ್ರಿಯಾಪದವಿಲ್ಲದ ಪೂರ್ಣವಾಕ್ಯ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ವಾಕ್ಯವಾಗದು. ಎಳೆಯರು ಅದನ್ನು ಮರೆಯುವುದು ಮೌಢ್ಯದಿಂದಲ್ಲ, ಮಾತೃಭಾಷೆಯ ಅಭ್ಯಾಸದಿಂದ. ಈ ಕಾರಣವನ್ನು ತಿಳಿಸಿದರೆ ತಿದ್ದುವುದು ಸುಲಭ.

ಇನ್ನು ಗಡಿನಾಡಿನ ಮಕ್ಕಳಿಗಿರುವ ವಿಶೇಷ ಭಾಗ್ಯ. ಕನ್ನಡದಲ್ಲಿ ‘ಹೋದೆನು’, ‘ಹೋದನು’ ಎಂದು ಕ್ರಿಯಾಪದವು ಪುರುಷಕ್ಕೆ ತಕ್ಕಂತೆ ಬದಲಾಗುತ್ತದೆ. ಮಲಯಾಳದಲ್ಲಿ ನಾನಾದರೂ ಅವನಾದರೂ ‘ಪೋಯಿ’ ಒಂದೇ. ಇಂಗ್ಲಿಷಿನ ‘ವೆಂಟ್’ ಮಲಯಾಳದಂತೆ ಬದಲಾಗದು. ವರ್ತಮಾನದಲ್ಲಿ ಮಾತ್ರ ‘ಹಿ ಗೋಸ್’ ಎಂದು ಏಕವಚನದ ‘ಅವನು’ ಬಂದಾಗ ಕನ್ನಡದ ರೀತಿಯು ತುಸು ತಲೆದೋರುತ್ತದೆ. ಎರಡು ರೀತಿಗಳನ್ನೂ ನಾಲಗೆಯ ಮೇಲಿಟ್ಟುಕೊಂಡ ಮಗುವಿಗೆ ಮೂರನೆಯದು ಭಾರವಾದೀತೆ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ನಮ್ಮ ಕನ್ನಡವನ್ನು ಉಳಿಸುತ್ತ ಬಂದವು ಪಾಠಶಾಲೆಗಳು. ಮಕ್ಕಳಿಲ್ಲದೆ ಮುಚ್ಚಿದ ತರಗತಿಯನ್ನು ಮರಳಿ ತೆರೆಯುವುದು ದುಸ್ಸಾಧ್ಯ. ತಾಯ್ತಂದೆಯರಲ್ಲಿ ನನ್ನ ಬಿನ್ನಹವಿಷ್ಟೇ: ಇಂಗ್ಲಿಷನ್ನು ಚೆನ್ನಾಗಿ ಕಲಿಸಿರೆಂದು ನಮ್ಮನ್ನು ಕೇಳಿರಿ, ಗದರಿಸಿರಿ, ಮಗುವನ್ನು ಮಾತ್ರ ಕನ್ನಡದಿಂದ ಬಿಡಿಸಬೇಡಿರಿ. ಅಧ್ಯಾಪಕಮಿತ್ರರಲ್ಲಿ ಇನ್ನೊಂದು: ಕನ್ನಡದ ಪಂಡಿತನೂ ಇಂಗ್ಲಿಷಿನ ಅಧ್ಯಾಪಕನೂ ವಾರಕ್ಕೊಂದು ಗಂಟೆ ಜತೆಯಾಗಿ ಕುಳಿತುಕೊಳ್ಳಲಿ. ಆ ಬಾಲಕನ ಕಣ್ಣೀರಿಗೆ ನಾನು ತೆರಬೇಕಾದ ಋಣವು ಅದರಿಂದ ಕಿಂಚಿತ್ತಾದರೂ ಸಂದೀತು.